ಹಂಸ ಮಿಸ್ ಹಾಕಿದ ಬ್ರಾಕೆಟ್ಟು

ಕೃಷ್ಣರಾಜಪುರದ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಹಂಸ ಮಿಸ್ ಅಂದರೆ ಬ್ರಾಕೆಟ್, ಬ್ರಾಕೆಟ್ ಅಂದರೆ ಹಂಸ ಮಿಸ್. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳ ತಂದೆತಾಯಿಗಳು ಆ ಹೆಸರನ್ನು ಒಳ್ಳೆಯ ಡಾಕ್ಟರ ಹೆಸರು ಹೇಳುವ ಹಾಗೆ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು.

ಬ್ರಾಕೆಟ್ ಹಾಕುವುದೆಂದರೆ ಏನೆಂದು ನಮ್ಮ ಶಾಲೆಗಳಲ್ಲಿ ಬೆಂಚು ಸವೆಸಿದವರಿಗೆ ವಿವರಿಸಬೇಕಾಗಿಲ್ಲ. ಆ ಭಾಗ್ಯ ಇಲ್ಲದವರಿಗೆ ಹೇಳಿಬಿಡಬೇಕು. ಪಾಠದ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ. ಪಾಠವನ್ನು ಯಾರೋ ಒಬ್ಬ ಹುಡುಗನಿಂದ ಗಡಗಡನೆ ಓದಿಸಿದ್ದಾದ ಮೇಲೆ "ಪೆನ್ಸಿಲ್ ತಗೊಳ್ಳಿ" ಎಂಬ ಅಪ್ಪಣೆಯಾಗುತ್ತದೆ. ಒಂದನೆಯ ಪ್ರಶ್ನೆಯ ಉತ್ತರ ಇಲ್ಲಿಂದ ಇಲ್ಲಿವರೆಗೆ, ಎರಡನೆಯದು ಇಲ್ಲಿಂದ ಇಲ್ಲಿವರೆಗೆ. ಶುರುವಿಗೊಂದು ಬ್ರಾಕೆಟ್, ಮುಗಿಯುವಲ್ಲಿ ಒಂದು ಬ್ರಾಕೆಟ್, ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ. ಅಷ್ಟಾದರೆ ಪಾಠ ಮುಗಿಯಿತು. ಬ್ರಾಕೆಟ್ಟಿನ ಒಳಗಿದ್ದದ್ದು ಬಾಯಿಪಾಠಕ್ಕೆ, ಹೊರಗಿದ್ದದ್ದು ಯಾರಿಗೂ ಅಲ್ಲ. ಪಾಠ ಬರೆದ ಮನುಷ್ಯ ಯಾಕೆ ಅಷ್ಟೊಂದು ಶ್ರಮಪಟ್ಟು ಹೊರಗಿನದನ್ನೂ ಬರೆದ ಎಂದು ಯಾವ ಮಗುವೂ ಕೇಳುವುದಿಲ್ಲ, ಯಾವ ಮೇಷ್ಟ್ರೂ ಹೇಳುವುದಿಲ್ಲ.

ಈ ಕಸುಬಿನಲ್ಲಿ ಹಂಸಳ ಕೈ ಬಲು ಚುರುಕು. ಅವಳ ಮಾವ ಮುನಿಆಂಜನಪ್ಪ ತಮ್ಮ ರಾಗಿ ಹೊಲದ ಜಾಗದಲ್ಲಿ ಬಾಡಿಗೆ ಮನೆಗಳ ವಠಾರ ಕಟ್ಟಿಸಿದ್ದರು. ಅದರ ಮೇಲಿನ ಶೀಟಿನ ಕೋಣೆಯಲ್ಲಿ ಹಂಸ ಟ್ಯೂಷನ್ ಶುರು ಮಾಡಿದಾಗ ಅವಳ ಕೈಯಲ್ಲಿದ್ದದ್ದು ಒಂದು ಬಿ.ಎ. ಮತ್ತು ಒಂದು ಪೆನ್ಸಿಲ್. ಬಿ.ಎ.ಯನ್ನೂ ಅವಳು ಬ್ರಾಕೆಟ್ಟಿನಿಂದಲೇ ಪಾಸು ಮಾಡಿದ್ದಳು. ಹೊಸ ಪುಸ್ತಕ ಬಂತೆಂದರೆ ಮೊದಲು ಹಿಂದಿನ ಪ್ರಶ್ನೆಗಳನ್ನು ನೋಡುವಳು, ಆಮೇಲೆ ಅವುಗಳ ಉತ್ತರವನ್ನು ಪಾಠದೊಳಗೆ ಹುಡುಕುವಳು. ಅವರೆಕಾಯಿ ಬಿಡಿಸುವವರು ಕಾಳು ತೆಗೆದು ಸಿಪ್ಪೆ ಎಸೆಯುವಂತೆ ಉತ್ತರ ಹೆಕ್ಕಿ ಪಾಠವನ್ನು ಎಸೆಯುವಳು. ಅವಳ ಬ್ರಾಕೆಟ್ ಇರುವ ಹಳೆಯ ಪುಸ್ತಕಗಳು ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಯ ಹುಡುಗಿಗೆ ಕೈ ಬದಲಾಯಿಸುತ್ತ ಹೋದವು. ಹತ್ತಿರದ ಅನುದಾನಿತ ಶಾಲೆಯ ಮೇಷ್ಟ್ರುಗಳು ಕೂಡ ಪ್ರಶ್ನೆಪತ್ರಿಕೆ ತೆಗೆಯುವಾಗ ಯಾರದ್ದಾದರೂ ಮಗುವಿನಿಂದ ಹಂಸ ಮಿಸ್ಸಿನ ಬ್ರಾಕೆಟ್ ಇರುವ ಪುಸ್ತಕ ಕೇಳಿ ಪಡೆಯುತ್ತಾರೆಂದು ಅವಳ ಕಿವಿಗೆ ಬಿದ್ದಾಗ ಅವಳಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು.

ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಬೇರೆ ವಿಷಯಗಳಿಗೆ. ಎಂಜಲು ಹಚ್ಚಿ ಪುಟ ತಿರುವುವುದು, ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟುವುದು, ಮೂಗು ಸೀಟಿ ಬೆಂಚಿಗೆ ಒರೆಸುವುದು, ಇವನ್ನೆಲ್ಲ ಕಂಡರೆ ಅವಳ ಮುಖ ಹಿಂಡಿದ ನಿಂಬೆಹೋಳಾಗುತ್ತಿತ್ತು. "ಥೂ, ಕೈ ತೊಳ್ಕೊಂಡ್ ಬಾ ಹೋಗು" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ. ಪುಸ್ತಕ ಶುದ್ಧವಾಗಿರಬೇಕು, ಅಕ್ಷರ ದುಂಡಗಿರಬೇಕು, ಉತ್ತರ ರಾಗವಾಗಿ ಬರಬೇಕು. ಸಂಜೆ ಹೊತ್ತು ಶೀಟಿನ ಕೋಣೆಯಿಂದ ಮಕ್ಕಳು ಒಕ್ಕೊರಲಿನಲ್ಲಿ ಉತ್ತರ ಹೇಳುವುದು ಬೀದಿಗೆಲ್ಲ ಕೇಳುತ್ತಿತ್ತು. ಸಾಲಿನ ಕೊನೆಗೆ ಸ್ವರ ಮೇಲೇರಿಸಿ, ಮುಂದಿನ ಸಾಲಿಗೆ ಇಳಿಸಿ, "ಒಂದೂ..., ಎರಡೂ..." ಎಂದು ಅಂಶಗಳನ್ನು ಎಣಿಸುವ ಆ ರಾಗ ಅವಳದೇ ಕೊಡುಗೆ.

"ನಮ್ಮ ಮಕ್ಕಳಿಗೆ ಮರೆಯೋ ಮಾತೇ ಇಲ್ಲ" ಎಂದು ಅವಳು ಸೇರಿಸಲು ಬಂದ ಪೋಷಕರಿಗೆ ಹೇಳುತ್ತಿದ್ದಳು. ಅದೇನೂ ಬಡಾಯಿಯಲ್ಲ. ನಿಜವಾಗಿಯೂ ಅವರು ಮರೆಯುತ್ತಿರಲಿಲ್ಲ.

ವಠಾರದ ಕೆಳಗಿನ ಮನೆಯಲ್ಲಿ ಕೊಪ್ಪಳದ ಕಡೆಯಿಂದ ಬಂದ ವೀರಣ್ಣನ ಸಂಸಾರವಿತ್ತು. ವೀರಣ್ಣ ವೈಟ್‌ಫೀಲ್ಡ್ ಕಡೆಯ ಒಂದು ಆಫೀಸಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಶರಣವ್ವ ಶಾಲೆಯ ಮುಖ ಕಂಡವಳಲ್ಲ. ಮಗಳು ಶೀತಲ್ ಮಾತ್ರ ಹಂಸಳ ಟ್ಯೂಷನ್ನಿನ ಕಣ್ಮಣಿ. ಎಂಟನೆಯ ತರಗತಿಯಲ್ಲಿ ಕಲಿತ ಉತ್ತರವನ್ನು ಈಗ ಬಿ.ಕಾಂ. ಓದುವಾಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೆ ಹೇಳುವಂಥ ಹುಡುಗಿ. ಹೊಸದಾಗಿ ಸೇರಿದ ಮಕ್ಕಳ ಮುಂದೆ ಹಂಸ ಅವಳನ್ನು ಕರೆಸಿ ಹಳೆಯ ಉತ್ತರ ಹೇಳಿಸಿ, "ನೋಡಿದ್ರಾ, ಓದೋದು ಅಂದ್ರೆ ಹೀಗೆ" ಎನ್ನುತ್ತಿದ್ದಳು. ಶರಣವ್ವ ಬಾಗಿಲ ಬಳಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶೀತಲ್‌ಳ ಅಣ್ಣ ಪ್ರಭುಲಿಂಗನಿಗೂ ಅವನ ಹೆಂಡತಿಗೂ ಕೆಲಸ. ಇನ್ನೂ ನಡೆಯಲು ಬಾರದ ಅವರ ಕೂಸನ್ನು ಹಗಲು ಹೊತ್ತು ಶರಣವ್ವ ನೋಡಿಕೊಳ್ಳುವಳು, ಕಾಲೇಜಿಗೆ ರಜೆ ಇದ್ದರೆ ಶೀತಲ್ ಜೊತೆಗಿರುವಳು. ಬೇಸಿಗೆಯ ಒಂದು ದಿನ ಬೆಳಿಗ್ಗೆ ಗಂಡ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಆ ಕೂಸಿಗೆ ಭೇದಿ ಶುರುವಾಯಿತು. ಬಟ್ಟೆ ಬದಲಾಯಿಸಿದಷ್ಟೂ ಮತ್ತೆ ಆಯಿತು. ಶರಣವ್ವ ಅಕ್ಕಿ ಗಂಜಿಯ ತಿಳಿ ಬಸಿದು, ಉಪ್ಪು ಹಾಕಿ, ಚಮಚ ತೆಗೆದುಕೊಂಡು ಬಂದಳು. ಶೀತಲ್ ಕೈ ಅಡ್ಡ ಹಿಡಿದಳು.

"ಬ್ಯಾಡ ಅವ್ವಾ, ಏನೂ ಕೊಡಬಾರ್ದು. ಪುಸ್ತಕದಾಗ ಐತಿ. ನಾ ಓದೀನಿ."

"ನೀರರ ಕೊಡೂಣು, ಕೂಸು ಒಣಗತೈತಿ."

"ನೀರೂ ಕೊಡಬಾರ್ದು."

ಶರಣವ್ವನಿಗೆ ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಅವಳು ಮೂರು ಮಕ್ಕಳನ್ನು ಹೆತ್ತು ಇಬ್ಬರನ್ನು ಉಳಿಸಿಕೊಂಡವಳು. ಆದರೆ ಮಗಳು ಓದಿದವಳು, ಓದಿದ್ದನ್ನು ಮರೆಯದವಳು. ಅದಕ್ಕೆ ಇಡೀ ಬೀದಿ ಸಾಕ್ಷಿ. ತೀರ್ಪು ಕೇಳಲು ಅವಳು ಮೆಟ್ಟಿಲು ಹತ್ತಿ ಮೇಲೆ ಹೋದಳು. ಹಂಸ ಆಗ ಬೇಸಿಗೆ ಬ್ಯಾಚಿನ ಹೊಸ ಪುಸ್ತಕಗಳನ್ನು ಹರಡಿಕೊಂಡು, ಪೆನ್ಸಿಲ್ ಹಿಡಿದು, ಬಾಯಲ್ಲಿ ಸಾಲು ಎಣಿಸುತ್ತಿದ್ದಳು.

"ಟೀಚರ್, ಕೂಸಿಗೆ ಹೊಟ್ಟಿ ಕೆಟ್ಟೈತ್ರೀ. ಶೀತಲ್ ನೀರೂ ಕೊಡಬಾರ್ದು ಅಂತಾಳ. ಪುಸ್ತಕದಾಗ ಹಂಗ ಐತೇನ್ರೀ?"

ಹಂಸ ತಲೆ ಎತ್ತಲಿಲ್ಲ. ಅವಳ ಕಿವಿಗೆ ಬಿದ್ದದ್ದು ಮಗುವಿನ ಸಂಗತಿಯಲ್ಲ, ಪ್ರಶ್ನೆ. ಎಂಟನೆಯ ತರಗತಿ, ಆರೋಗ್ಯ ಶಿಕ್ಷಣ, ನಾಲ್ಕು ಅಂಕದ ಪ್ರಶ್ನೆ: ಮಗುವಿಗೆ ಭೇದಿಯಾದಾಗ ಅನುಸರಿಸಬೇಕಾದ ಕ್ರಮಗಳಾವುವು? ಅವಳ ತಲೆಯೊಳಗೆ ನಾಲ್ಕು ಅಂಶಗಳು ತಾವಾಗಿಯೇ ಸಾಲು ನಿಂತವು. ಮಗುವಿಗೆ ನೀರು ಕೊಡುವುದನ್ನು ನಿಲ್ಲಿಸಬೇಕು. ಹಾಲು, ಗಂಜಿ ಮುಂತಾದ ಯಾವ ಆಹಾರವನ್ನೂ ಕೊಡಬಾರದು. ಹೊಟ್ಟೆಗೆ ಪೂರ್ಣ ವಿಶ್ರಾಂತಿ ಕೊಡಬೇಕು. ಭೇದಿ ತಾನಾಗಿ ನಿಲ್ಲುವವರೆಗೆ ಕಾಯಬೇಕು.

"ಹೌದ್ರೀ ಶರಣವ್ವ, ಹಾಗೇ ಇದೆ. ಶೀತಲ್ ತಪ್ಪು ಹೇಳಲ್ಲ, ಅವಳಿಗೆ ಎಲ್ಲಾ ಬಾಯಿಪಾಠ ಇದೆ. ಅವಳು ಹೇಳ್ದಂಗೆ ಮಾಡಿ" ಎಂದು ಹೇಳಿ ಪುಟ ತಿರುವಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಂಸಳಿಗೂ ಒಬ್ಬ ಮಗನಿದ್ದಾನೆ. ನಿತೀಶ್ ಹಾಲುಗೂಸಾಗಿದ್ದಾಗ ಇದೇ ರೀತಿ ಹೊಟ್ಟೆ ಕೆಟ್ಟಿತ್ತು. ಅತ್ತೆ ಬೈರಮ್ಮ ಅವನನ್ನು ಮಡಿಲಲ್ಲಿ ಹಾಕಿಕೊಂಡು ಗುಟುಕು ಗುಟುಕಾಗಿ ಬಾರ್ಲಿ ನೀರು ಕುಡಿಸಿದ್ದನ್ನು ಹಂಸ ಕಣ್ಣಾರೆ ನೋಡಿದ್ದಳು. ಆದರೆ ನೋಡಿದ್ದು ಅವಳ ತಲೆಯ ಒಂದು ಕೋಣೆಯಲ್ಲಿತ್ತು, ಓದಿದ್ದು ಇನ್ನೊಂದು ಕೋಣೆಯಲ್ಲಿತ್ತು. ನಡುವಿನ ಬಾಗಿಲನ್ನು ಯಾರೂ ಯಾವತ್ತೂ ತೆರೆದಿರಲಿಲ್ಲ. ನಮ್ಮಲ್ಲಿ ಬಹಳ ಜನರ ತಲೆ ಹೀಗೆಯೇ ಇದೆ, ಅದಕ್ಕೆ ಸರ್ಟಿಫಿಕೇಟೂ ಕೊಡುತ್ತಾರೆ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಳಗಿನಿಂದ ಶರಣವ್ವನ ಕೂಗು ಕೇಳಿತು. ಹಂಸ ಓಡಿ ಇಳಿದಳು. ಕೂಸು ಅಳುತ್ತಿತ್ತು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ತುಟಿ ಒಡೆದು ಬಿಳಿಚಿಕೊಂಡಿತ್ತು, ಕಣ್ಣು ಗುಳಿ ಬಿದ್ದಿತ್ತು. ಅಳುವ ಬಾಯಿ ತೆರೆದೇ ಇದ್ದರೂ ಸದ್ದು ಹೊರಡುತ್ತಿರಲಿಲ್ಲ. ಬೈರಮ್ಮ ಎಲ್ಲಿಂದಲೋ ಬಂದು ನೋಡಿದವಳೇ ಎದೆ ಬಡಿದುಕೊಂಡಳು. "ಅಯ್ಯೋ ಮುಂಡೇವಾ, ಮಗೀಗೆ ಒಂದ್ ತೊಟ್ಟು ನೀರೂ ಬುಟ್ಟಿಲ್ವಾ? ಆಟೋ ಕರೀರಿ!"

ಹಂಸ, ಶರಣವ್ವ, ಶೀತಲ್ ಆಟೋದಲ್ಲಿ ಕೂತರು. ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಶೀತಲ್ ಕೂಸನ್ನು ಎದೆಗೊತ್ತಿ ಹಿಡಿದು, "ಮಿಸ್, ನಾವೇನೂ ಕೊಟ್ಟಿಲ್ಲ, ಎಲ್ಲಾ ಸರಿಯಾಗೇ ಮಾಡಿದೀವಿ. ಯಾಕ್ ಮಿಸ್ ನಿಲ್ತಿಲ್ಲ?" ಎಂದು ಕೇಳುತ್ತಲೇ ಇದ್ದಳು. ಹಂಸ ಆ ಪ್ರಶ್ನೆಯನ್ನು ತಲೆಯೊಳಗೆ ಹುಡುಕಿದಳು. ಅದು ಪಾಠದ ಕೊನೆಯ ಪ್ರಶ್ನೆಗಳಲ್ಲಿ ಇರಲಿಲ್ಲ.

ಇಂದಿರಾನಗರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಜಹನಾರಾ ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಎತ್ತಿದ ಚರ್ಮ ಇಳಿಯದೆ ಹಾಗೇ ನಿಂತಿತು. ಅವರು ತಕ್ಷಣ ನರ್ಸನ್ನು ಕರೆದು ಡ್ರಿಪ್ ಹಾಕಿಸಿದರು. ಸೂಜಿ ಹೋಗಲು ನರವೇ ಸಿಗಲಿಲ್ಲ. ಕೈಯಲ್ಲಿ ಹುಡುಕಿ, ಕಾಲಲ್ಲಿ ಹುಡುಕಿ, ಕೊನೆಗೆ ತಲೆಯಲ್ಲಿ ಸಿಕ್ಕಿತು. ಆಮೇಲೆ ಅವರು ಈ ಕಡೆ ತಿರುಗಿದರು.

"ಬೆಳಿಗ್ಗೆಯಿಂದ ಏನು ಕುಡಿಸಿದ್ರಿ?"

"ಏನೂ ಕುಡ್ಸಿಲ್ಲ ಮೇಡಂ. ಕುಡಿಸಬಾರದು ಅಲ್ವಾ?" ಎಂದಳು ಶೀತಲ್.

"ಯಾರಮ್ಮ ಹೇಳಿದ್ದು ನಿನಗೆ?"

ಆಗ ಶೀತಲ್ ಹೇಳಿದಳು. ಅಳುವಿನ ನಡುವೆಯೂ ಒಂದಕ್ಷರ ತಪ್ಪಲಿಲ್ಲ. "ಒಂದೂ, ಮಗುವಿಗೆ ನೀರು ಕೊಡುವುದನ್ನು ನಿಲ್ಲಿಸಬೇಕು. ಎರಡೂ..." ಸಾಲಿನ ಕೊನೆಗೆ ಸ್ವರ ಏರಿತು, ಮುಂದಿನ ಸಾಲಿಗೆ ಇಳಿಯಿತು. ಅದು ಅವಳದೇ ರಾಗ. ಆ ಬಿಳಿ ಗೋಡೆಯ ಕೋಣೆಯಲ್ಲಿ, ತಲೆಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ ಕೂಸಿನ ಪಕ್ಕದಲ್ಲಿ, ತಾನು ಇಷ್ಟು ವರ್ಷ ಹೆಮ್ಮೆಪಟ್ಟ ರಾಗವನ್ನು ಕೇಳಿ ಅವಳಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಡಾಕ್ಟರು ಪೂರ್ತಿ ಕೇಳಿದರು. ಎಂಜಲು ಬೆರಳಲ್ಲಿ ಪುಟ ತಿರುವುವ ಮಕ್ಕಳನ್ನು ಹಂಸ ನೋಡುತ್ತಿದ್ದ ನೋಟದಿಂದಲೇ ಅವರು ಶೀತಲ್‌ಳನ್ನು ನೋಡಿದರು. "ಇದನ್ನ ಯಾವ ಪುಸ್ತಕ ಹೇಳುತ್ತೆ?"

"ಎಂಟನೇ ಕ್ಲಾಸಿಂದು ಮೇಡಂ. ನಾಲ್ಕು ಮಾರ್ಕ್ಸ್ ಪ್ರಶ್ನೆ. ಫುಲ್ ಮಾರ್ಕ್ಸ್ ಬಂದಿತ್ತು ನಂಗೆ."

"ಇನ್ನೊಂದು ಸ್ವಲ್ಪ ತಡವಾಗಿ ಬಂದಿದ್ರೆ ಮಗು ಉಳೀತಿರಲಿಲ್ಲ" ಎಂದಷ್ಟೇ ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಶರಣವ್ವ ಕೂಗಾಡಲಿಲ್ಲ. ಕೂಸಿನ ಕಾಲನ್ನು ಹಿಡಿದುಕೊಂಡು ಕೂತವಳು ಹಂಸಳ ಕಡೆ ತಿರುಗಿದಳು. "ನಾ ನಿಮ್ಮನ್ನ ಕೇಳಿದ್ನಲ್ರೀ ಟೀಚರ್. ಮ್ಯಾಲ ಹತ್ತಿ ಬಂದು ಕೇಳಿದ್ನಲ್ಲ."

ಕೂಸು ಬದುಕಿತು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ಬಂತು, ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ, ಕೆಲಸದಿಂದ ಓಡಿಬಂದಿದ್ದ ಅಪ್ಪ ಅಮ್ಮನೂ ಸೇರಿ, ಎಲ್ಲರೂ ಜೊತೆಗೇ ಅತ್ತರು. ಹಂಸ ಒಬ್ಬಳೇ ಮನೆಗೆ ಬಂದು, ಕಾಲು ಕೂಡ ತೊಳೆಯದೆ ಶೀಟಿನ ಕೋಣೆಗೆ ಹೋಗಿ ಆರೋಗ್ಯ ಶಿಕ್ಷಣದ ಪುಸ್ತಕ ತೆಗೆದಳು. ಹತ್ತಿರದ ಅನುದಾನಿತ ಶಾಲೆ ಬಳಸುವ ಆ ಪುಸ್ತಕ ಯಾವುದೋ ಖಾಸಗಿ ಪ್ರಕಾಶಕರದ್ದು. ವರ್ಷ ವರ್ಷ ಅದರ ರಟ್ಟಿನ ಬಣ್ಣ ಬದಲಾಗುತ್ತಿತ್ತೇ ಹೊರತು ಒಳಗಿನದು ಬದಲಾಗುತ್ತಿರಲಿಲ್ಲ. ಅವಳ ಬ್ರಾಕೆಟ್ ಪುಟದ ತಳದಲ್ಲಿತ್ತು, ಅಚ್ಚುಕಟ್ಟಾಗಿ, ನಾಲ್ಕೂ ಅಂಶಗಳನ್ನು ತಬ್ಬಿಕೊಂಡು. ಬ್ರಾಕೆಟ್ಟಿಗೆ ಮುಂಚಿನ ಸಾಲನ್ನು ಅವಳು ಮೊದಲ ಸಲ ಓದಿದಳು: "ನಮ್ಮ ಸಮಾಜದಲ್ಲಿ ಕೆಲವು ನಂಬಿಕೆಗಳು ಬೇರೂರಿವೆ. ಅವು ಹೀಗಿವೆ." ಪುಟ ತಿರುವಿದಳು. ಮುಂದಿನ ಪುಟದ ಮೊದಲ ಸಾಲು: "ಇವೆಲ್ಲವೂ ತಪ್ಪು. ಹೀಗೆ ಮಾಡಿದರೆ ಮಗುವಿನ ಪ್ರಾಣಕ್ಕೇ ಅಪಾಯ." ಅದರ ಕೆಳಗೆ ಒಬ್ಬ ತಾಯಿ ಮಗುವಿಗೆ ಚಮಚದಲ್ಲಿ ಕುಡಿಸುತ್ತಿರುವ ಚಿತ್ರ. ಅದರ ಕೆಳಗೆ ನಿಜವಾದ ಉತ್ತರ.

ಟ್ಯೂಷನ್ ಶುರು ಮಾಡಿದ ವರ್ಷ ಅವಸರದಲ್ಲಿ ಹಾಕಿದ ಬ್ರಾಕೆಟ್ ಅದು. ನಾಲ್ಕು ಅಂಕಕ್ಕೆ ನಾಲ್ಕು ಅಂಶ ಕಣ್ಣಿಗೆ ಬಿದ್ದಿತ್ತು, ಪುಟವೂ ಮುಗಿದಿತ್ತು, ಪೆನ್ಸಿಲ್ ನಿಂತಿತ್ತು. ಆಮೇಲಿನ ವರ್ಷಗಳಲ್ಲಿ ಅವಳು ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಬ್ರಾಕೆಟ್ ಇಳಿಸಿದಳೇ ಹೊರತು ಪಾಠ ಓದಲಿಲ್ಲ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕೈ ತೊಳೆದರೆ ಹೋಗುವಂಥ ಹೇಸಿಗೆಯಲ್ಲ. ಎಂಜಲು ಬೆರಳಿನ ಮಕ್ಕಳನ್ನು ಗದರಿಸಿ ಕಳಿಸುತ್ತಿದ್ದ ತಾನು, ಅವರ ಬಾಯಿಗೆ ಇದನ್ನು ಹಾಕಿ, ನುಂಗಿಸಿ, ಹೊರಗೆ ಬಾರದ ಹಾಗೆ ಮಾಡಿದ್ದಳು. ಎಷ್ಟು ಬ್ಯಾಚುಗಳು ಬಂದು ಹೋದವೆಂದು ನೆನೆಸಿಕೊಳ್ಳಲು ಹೋಗಿ ನಿಲ್ಲಿಸಿದಳು.

ಅವಳು ಅಲ್ಲಿಯೇ ಕೂತು ಪಾಠವನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡದೆ. ಅರ್ಥವಾಯಿತು. ಇದರಲ್ಲೇನಿದೆ, ಇನ್ನು ಸರಿಹೋಯಿತು ಎಂದುಕೊಂಡು ಕೆಳಗಿಳಿದಳು. ಬೈರಮ್ಮ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಅದೇನಂತೆ ಪುಸ್ತಕ್ದಾಗೆ? ಮಗೀಗೆ ಏನ್ ಮಾಡ್ಬೇಕಂತೆ, ಯೋಳು ಮತ್ತೆ" ಎಂದಳು ಬೈರಮ್ಮ.

ಹಂಸ ಬಾಯಿ ತೆರೆದಳು. "ಮಗುವಿಗೆ ನೀರು ಕೊಡುವುದನ್ನು ನಿಲ್ಲಿಸಬೇಕು" ಎಂದಿತು ಬಾಯಿ.

ಬೈರಮ್ಮ ಸೊಪ್ಪು ಬಿಟ್ಟು ಅವಳ ಮುಖ ನೋಡಿದಳು. ತಾನು ಏನು ಹೇಳಿದೆನೆಂದು ಹಂಸಳಿಗೆ ಆಗ ತಿಳಿಯಿತು. ಆಸ್ಪತ್ರೆಯಿಂದ ಬಂದು, ಕಣ್ಣಾರೆ ಓದಿ, ಇನ್ನೂ ಪುಸ್ತಕ ಮುಚ್ಚಿದ ಕೈ ಆರಿಲ್ಲ, ಆಗಲೇ ಹಳೆಯದೇ ಹೊರಗೆ ಬರುತ್ತಿದೆ. ಹೊಸದಾಗಿ ಓದಿದ್ದು ಎಲ್ಲಿ ಹೋಯಿತೆಂದು ಹುಡುಕಿದರೆ ಒಬ್ಬ ತಾಯಿಯ ಚಿತ್ರ ಬಿಟ್ಟು ಬೇರೇನೂ ಸಿಗಲಿಲ್ಲ. ಅವಳು ವಾಪಸ್ಸು ಮೇಲೆ ಹೋಗಿ ಮತ್ತೆ ಓದಿದಳು. ಬಂದು ಅತ್ತೆಗೆ ಹೇಳಲು ಕೂತಳು. ಬೈರಮ್ಮ ಸುಮ್ಮನೆ ಕೇಳುವ ಹೆಂಗಸಲ್ಲ. "ಉಪ್ಪು ಯಾಕಂತೆ? ಅಲ್ಲ, ನೀರು ಕೊಟ್ರೆ ಇನ್ನೂ ಜಾಸ್ತಿ ಆಯ್ತದೆ ಅಂತಾರಲ್ಲ, ಅದ್ಕೇನ್ ಯೋಳ್ತದೆ ನಿನ್ ಪುಸ್ತಕ?" ಎಂದು ಅಡ್ಡ ಹಾಕಿದಳು. ಹಂಸ ತಡವರಿಸಿದಳು, ತಿರುಗಿ ಹೋಗಿ ಆ ಭಾಗ ನೋಡಿಕೊಂಡು ಬಂದಳು. ಮಾರನೆಯ ದಿನ ಪುಸ್ತಕ ಮುಟ್ಟದೆ ಮತ್ತೆ ಹೇಳಲು ಹೋದರೆ ಅರ್ಧ ಮರೆತಿತ್ತು. ಮರೆತದ್ದನ್ನಷ್ಟೇ ಮತ್ತೆ ಓದಿದಳು. ವಾರ ಕಳೆದು ಬೈರಮ್ಮನೇ ಬೇಸರದಿಂದ "ಸಾಕು ಬುಡವ್ವ, ನಂಗೇ ಬಾಯಿಗ್ ಬಂದದೆ" ಎಂದಾಗ, ಹಂಸಳಿಗೆ ಆ ಒಂದು ಪಾಠ ತನ್ನದಾಗಿದೆ ಎನಿಸಿತು. ರಾಗ ಹಾಕದೆ, ತನ್ನ ಮಾತಿನಲ್ಲಿ, ಎಲ್ಲಿ ಕೇಳಿದರೂ ಅಲ್ಲಿಂದ ಹೇಳಬಲ್ಲಳು. ನಿತೀಶನಿಗೆ ಕುಡಿಸಿದ ಬಾರ್ಲಿ ನೀರು ಕೂಡ ಈಗ ಅದೇ ಪಾಠದೊಳಗೆ ಬಂದು ಕೂತಿತ್ತು. ಬಿ.ಎ. ಪಾಸಾದವಳು ಜೀವನದಲ್ಲಿ ಮೊದಲ ಬಾರಿಗೆ ಓದಿದ್ದಳು.

ಶಾಲೆ ತೆರೆದ ಮೇಲೆ ಅವಳು ಮಕ್ಕಳ ಕೈಗೆ ರಬ್ಬರು ಕೊಟ್ಟಳು. "ಎಲ್ಲಾ ಬ್ರಾಕೆಟ್ ಅಳಿಸಿ." ಮಕ್ಕಳು ಹೌಹಾರಿದರು. ಪಾಠವನ್ನು ಪೂರ್ತಿ ಓದಬೇಕು, ಪುಸ್ತಕ ಮುಚ್ಚಬೇಕು, ಪಕ್ಕದವರಿಗೆ ಸ್ವಂತ ಮಾತಿನಲ್ಲಿ ಹೇಳಬೇಕು, ಪಕ್ಕದವರು ಬೈರಮ್ಮನ ಹಾಗೆ ಅಡ್ಡ ಪ್ರಶ್ನೆ ಹಾಕಬೇಕು, ಎರಡು ದಿನ ಬಿಟ್ಟು ಮತ್ತೆ ಹೇಳಬೇಕು. ಶೀಟಿನ ಕೋಣೆಯ ರಾಗ ನಿಂತು ಸಂತೆಯ ಗದ್ದಲ ಶುರುವಾಯಿತು. ಬೀದಿಯವರು ಮಿಸ್ಸಿಗೆ ಏನೋ ಆಗಿದೆ ಎಂದರು. ಟ್ಯೂಷನ್ನಿನ ಚಪ್ಪಲಿಗಳ ಸಾಲು ಗಿಡ್ಡವಾಗುತ್ತ ಬಂತು. ಉಳಿದವರಲ್ಲಿ ಎಂಟನೆಯ ತರಗತಿಯ ನಿಖಿತಾ ಒಬ್ಬಳು. ಅವಳ ಅಪ್ಪ ಸುನಿಲ್ ದಿನ ಬಿಟ್ಟು ದಿನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. "ಮಿಸ್, ಕಥೆ ಹೇಳೋಕೆ ಕಲಿಸಿ ಅಂತ ನಾನು ಕಳಿಸ್ತಿಲ್ಲ. ಮಾರ್ಕ್ಸ್ ಬರುತ್ತೆ ತಾನೆ?"

"ಬರುತ್ತೆ ಸರ್. ಇಷ್ಟು ದಿನ ಬಂದಿದ್ದು ಮಾರ್ಕ್ಸ್ ಅಲ್ಲ, ಈಗ ಬರುತ್ತೆ" ಎಂದಳು ಹಂಸ. ಸುನಿಲ್‌ಗೆ ಅದು ತಲೆಗೆ ಹತ್ತಲಿಲ್ಲ.

ಕೂಸಿನ ಮನೆಯವರು ವಠಾರದಲ್ಲೇ ಇದ್ದರು. ಶರಣವ್ವ ಮಾತಾಡಿಸಿದರೆ ಮಾತಾಡುತ್ತಿದ್ದಳು. ಶೀತಲ್ ಮಾತ್ರ ಮೆಟ್ಟಿಲಲ್ಲಿ ಎದುರಾದರೆ ಮುಖ ಗೋಡೆಗೆ ತಿರುಗಿಸಿ ದಾಟಿಹೋಗುತ್ತಿದ್ದಳು. ಹಂಸ ಕ್ಷಮೆ ಕೇಳಲು ಹೋದಾಗ ಅವಳು ಬಾಗಿಲು ಹಾಕಿಕೊಂಡಳು. ಹಳೆಯ ಮಕ್ಕಳ ವಾಟ್ಸ್ಆಪ್ ಗುಂಪಿನಲ್ಲಿ ಹಂಸ ನಡೆದದ್ದನ್ನೆಲ್ಲ ಬರೆದು, ಆ ಉತ್ತರ ತಪ್ಪು, ದಯವಿಟ್ಟು ಮರೆತುಬಿಡಿ ಎಂದು ಹಾಕಿದಳು. ಕೆಲವರು ಹೆಬ್ಬೆರಳಿನ ಚಿತ್ರ ಒತ್ತಿದರು. ಒಬ್ಬ "ಹ್ಯಾಪಿ ಟೀಚರ್ಸ್ ಡೇ ಮಿಸ್" ಎಂದ. ಯಾರೂ ಓದಿರಲಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಓದದೆ ಇರುವುದನ್ನು ಕಲಿಸಿದವಳೇ ಅವಳು.

ಮಧ್ಯಾವಧಿ ಪರೀಕ್ಷೆ ಮುಗಿಯಿತು. ಒಂದು ಸಂಜೆ ಸುನಿಲ್ ನಿಖಿತಾಳ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಿಸಾಕಿದ. "ನೋಡಿ ನಿಮ್ಮ ಹೊಸ ಪಾಠ. ನಾಲ್ಕು ಮಾರ್ಕ್ಸಿಗೆ ಸೊನ್ನೆ."

ಅದೇ ಪ್ರಶ್ನೆ. ನಿಖಿತಾ ಸ್ವಂತ ಮಾತಿನಲ್ಲಿ ಬರೆದಿದ್ದಳು: ಉಪ್ಪು ಸಕ್ಕರೆ ನೀರು ಕುಡಿಸುತ್ತಲೇ ಇರಬೇಕು, ಯಾಕೆಂದರೆ ಭೇದಿಯಲ್ಲಿ ಮೈಯ ನೀರು ಹೋಗಿರುತ್ತದೆ, ತಾಯಿಹಾಲು ನಿಲ್ಲಿಸಬಾರದು, ಗಂಜಿ ಕೊಡಬಹುದು, ಕಣ್ಣು ಗುಳಿ ಬಿದ್ದರೆ ತಕ್ಷಣ ಡಾಕ್ಟರ ಬಳಿ ಹೋಗಬೇಕು. ಅದರ ಮೇಲೆ ಕೆಂಪು ಶಾಯಿಯಲ್ಲಿ ಉದ್ದಕ್ಕೂ ಒಂದು ಗೀರು. ಅಂಚಿನಲ್ಲಿ "ಪಠ್ಯದಂತೆ ಬರೆಯಿರಿ" ಎಂಬ ಷರಾ.

ಮಾರನೆಯ ದಿನ ಹಂಸ ಉತ್ತರಪತ್ರಿಕೆ ಹಿಡಿದುಕೊಂಡು ಆ ಅನುದಾನಿತ ಶಾಲೆಗೆ ಹೋದಳು. ಮೈಯೆಲ್ಲ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಬಾಯಿಗೆ ಬಂದ ಹಾಗೆ ಬೈಯುವುದೆಂದು ತೀರ್ಮಾನಿಸಿಕೊಂಡೇ ಬಾಗಿಲು ತಳ್ಳಿದಳು. ಒಳಗೆ ಒಬ್ಬ ಯುವಕ ಎದ್ದು ನಿಂತು ಕೈ ಮುಗಿದ. ನರೇಶ್. ಅವಳ ಟ್ಯೂಷನ್ನಿನ ಮೊಟ್ಟಮೊದಲ ಬ್ಯಾಚಿನ ಹುಡುಗ, ಬಿ.ಎಡ್. ಮುಗಿಸಿ ಅದೇ ಶಾಲೆಯಲ್ಲಿ ಆರೋಗ್ಯ ಶಿಕ್ಷಣ ಕಲಿಸಲು ಸೇರಿದ್ದಾನೆಂದು ಅವಳು ಕೇಳಿದ್ದಳು.

"ಮಿಸ್! ಬನ್ನಿ ಮಿಸ್, ಕೂತ್ಕೊಳ್ಳಿ." ಅವನ ಮುಖ ಅರಳಿತ್ತು. ಕೂರುವ ಮೊದಲೇ ಫೋನು ತೆಗೆದು ಒಂದು ಫೋಟೋ ತೋರಿಸಿದ. ಬೊಚ್ಚುಬಾಯಿ ಅಗಲಿಸಿ ನಗುತ್ತಿರುವ ಕೂಸು. "ನನ್ ಮಗಳು ಮಿಸ್. ಮೊನ್ನೆ ಆರು ತಿಂಗಳು ತುಂಬ್ತು."

ಬೈಯಲೆಂದು ಬಂದಿದ್ದ ಹಂಸ ಆ ಫೋಟೋವನ್ನೇ ನೋಡಿದಳು. ಅವಳು ಉತ್ತರಪತ್ರಿಕೆಯನ್ನು ಅವನ ಮುಂದಿಟ್ಟಳು. "ಇದಕ್ಕೆ ಯಾಕಪ್ಪಾ ಸೊನ್ನೆ?"

ನರೇಶ್ ನೋಡಿ, ಡ್ರಾಯರಿನಿಂದ ಒಂದು ಜೆರಾಕ್ಸ್ ತೆಗೆದ. ಉತ್ತರಗಳನ್ನು ತಾಳೆ ನೋಡಲು ಇಟ್ಟುಕೊಂಡದ್ದು. "ಕೀ ಆನ್ಸರ್ ಇದು ಮಿಸ್. ನಿಮ್ಮ ಬ್ರಾಕೆಟ್ಟೇ, ನೋಡಿ. ನಾನು ಓದಿದ ಪುಸ್ತಕಾನೇ ಜೋಪಾನ ಮಾಡಿ ಇಟ್ಕೊಂಡಿದೀನಿ. ಆ ಹುಡುಗಿ ಏನೇನೋ ಸ್ವಂತದ್ದು ಬರೆದಿದಾಳೆ." ಜೆರಾಕ್ಸಿನ ತಳದಲ್ಲಿ ಹಂಸಳ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಅವಳ ದುಂಡು ಅಕ್ಷರದ ಸಂಖ್ಯೆ. ಹಂಸ ಹಾಳೆಯನ್ನು ತಿರುಗಿಸಿದಳು. ಹಿಂಬದಿ ಖಾಲಿ ಇತ್ತು.

"ಇದರ ಮುಂದಿನ ಪುಟ ಎಲ್ಲಿ?"

"ಅದ್ರಲ್ಲಿ ಬ್ರಾಕೆಟ್ ಇರ್ಲಿಲ್ವಲ್ಲ ಮಿಸ್. ಅದಕ್ಕೆ ಜೆರಾಕ್ಸ್ ಮಾಡಿಸ್ಲಿಲ್ಲ."

ಹಂಸ ಅವನ ಮುಖ ನೋಡಿದಳು. ಒಳ್ಳೆಯ ಹುಡುಗ, ಶ್ರದ್ಧೆಯ ಹುಡುಗ, ಹೇಳಿಕೊಟ್ಟದ್ದನ್ನು ಒಂದಿಷ್ಟೂ ಚೆಲ್ಲದೆ ಇಟ್ಟುಕೊಂಡವನು. ಅವನ ಮೇಲೆ ಹುಟ್ಟಿದ ಹೇಸಿಗೆ ತನ್ನ ಮೇಲೇ ಬಂದು ಬಿತ್ತು. ಅವಳು ಕಪಾಟಿನಿಂದ ಪುಸ್ತಕ ತೆಗೆಸಿ, ಆ ಪುಟದ ಎದುರು ಅವನನ್ನು ಕೂರಿಸಿ, ಜೋರಾಗಿ ಓದು ಎಂದಳು. ನರೇಶ್ ನಗುತ್ತಲೇ ಶುರು ಮಾಡಿದ. ಪುಟ ತಿರುವಿದ ಮೇಲೆ ನಗು ನಿಂತಿತು. "ಮಗುವಿನ ಪ್ರಾಣಕ್ಕೇ ಅಪಾಯ" ಎಂಬಲ್ಲಿ ಅವನ ದನಿ ಕುಸಿಯಿತು. ಕೊನೆಯವರೆಗೆ ಓದಿ, ಬೆವರು ಒರೆಸಿಕೊಂಡು, "ಅಯ್ಯೋ ಮಿಸ್, ಇದೇನ್ ಮಿಸ್ ಇದು. ಈಗ ಗೊತ್ತಾಯ್ತು. ಎಲ್ಲಾ ಪೇಪರ್ ತಿದ್ದಿಬಿಡ್ತೀನಿ" ಎಂದ.

"ಪೇಪರ್ ಆಮೇಲೆ ತಿದ್ದುವಂತೆ" ಎಂದಳು ಹಂಸ. "ಪುಸ್ತಕ ಮುಚ್ಚು. ಇವತ್ತು ಮನೆಗೆ ಹೋದಾಗ ನಿನ್ನ ಮಗಳಿಗೆ ಹೊಟ್ಟೆ ಕೆಟ್ಟಿದೆ ಅಂತ ಇಟ್ಕೋ. ಏನ್ ಮಾಡ್ತೀಯ? ಹೇಳು."

ನರೇಶ್ ಪುಸ್ತಕ ಮುಚ್ಚಿ, ಎದ್ದು ನಿಂತು, ಹಳೆಯ ಅಭ್ಯಾಸದಂತೆ ಕೈ ಕಟ್ಟಿಕೊಂಡ. "ಒಂದೂ, ಮಗುವಿಗೆ ನೀರು ಕೊಡುವುದನ್ನು..." ಎಂದು ರಾಗ ತೆಗೆದವನು ಅಲ್ಲೇ ತಡೆದು, ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡ.

ಮೇಜಿನ ಮೇಲಿನ ಫೋನಿನಲ್ಲಿ ಕೂಸು ಇನ್ನೂ ನಗುತ್ತಿತ್ತು. ಹಂಸ ಪುಸ್ತಕವನ್ನು ಮತ್ತೆ ಬಿಚ್ಚಿ ಅವನ ಮುಂದೆ ಸರಿಸಿದಳು.

"ಮೊದಲಿಂದ ಓದು. ನಾಳೆಯೂ ಬರ್ತೀನಿ, ಕೇಳೋದಕ್ಕೆ."